ಹೈಬ್ರಿಡ್ ಸೆಡಾನಿಗೆ ಹೊಸ ಟೈರು: ಆಯ್ಕೆ ಸ್ಟೆಪ್ನಿಯಿಂದ ಶುರುವಾಗಲಿ

ಟೈರ್ ಅಂಗಡಿಗೆ ಹೋದವರು ಮೊದಲು ಕೇಳುವುದು ಕಂಪನಿ ಯಾವುದು, ಬೆಲೆ ಎಷ್ಟು ಎಂದು. ಹೈಬ್ರಿಡ್ ಸೆಡಾನ್, ಅಂದರೆ ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿಯಿಂದ ಓಡುವ ಮೋಟಾರೂ ಇರುವ ಕಾರು, ಇರುವವರು ಅದಕ್ಕೂ ಮೊದಲು ಮನೆಯಲ್ಲೇ ಕಾರಿನ ಡಿಕ್ಕಿ ತೆರೆದು ನೋಡಬೇಕು ಎಂಬುದು ನನ್ನ ವಾದ. ಅಲ್ಲಿರುವ ಸ್ಟೆಪ್ನಿ ಯಾವುದು, ಅಥವಾ ಇದೆಯೇ ಇಲ್ಲವೇ ಎಂಬುದರ ಮೇಲೆ ಉಳಿದ ನಾಲ್ಕು ಟೈರುಗಳ ಅಳತೆ, ರಿಮ್ಮಿನ ಆಯ್ಕೆ, ಎಲ್ಲವೂ ನಿಂತಿದೆ. ನಾಲ್ಕನ್ನು ಮೊದಲು ಕೊಂಡು ಐದನೆಯದರ ಬಗ್ಗೆ ಆಮೇಲೆ ಯೋಚಿಸುವವರು ಶಿರಾಡಿ ಘಾಟಿಯ ತಿರುವಿನಲ್ಲಿ ಮಳೆಯಲ್ಲಿ ನಿಂತು ಯೋಚಿಸಬೇಕಾಗುತ್ತದೆ.

ಇಲ್ಲಿ ಉದಾಹರಣೆಗೆ ಮುಖ್ಯವಾಗಿ ಹೋಂಡಾ ಸಿಟಿಯ ಹೈಬ್ರಿಡ್ ಮಾದರಿಯನ್ನು ತೆಗೆದುಕೊಂಡಿದ್ದೇನೆ. 2022ರಲ್ಲಿ ನಮ್ಮ ಮಾರುಕಟ್ಟೆಗೆ ಬಂದದ್ದು. ಮೊದಲ ವರ್ಷಗಳಲ್ಲಿ ಕೊಂಡವರಿಗೆ ಈಗ ಟೈರು ಬದಲಿಸುವ ಕಾಲ. ಟೊಯೊಟಾ ಕ್ಯಾಮ್ರಿ ಇರುವವರಿಗೂ ವಿಧಾನ ಇದೇ, ಅಂಕಿಗಳು ಮಾತ್ರ ಬೇರೆ. ಮಾರುತಿ ಸಿಯಾಜ್‌ನಂಥ ಸೌಮ್ಯ ಹೈಬ್ರಿಡ್‌ಗಳಿಗೆ (ಇವುಗಳಲ್ಲಿ ಚಿಕ್ಕ ಮೋಟಾರು ಎಂಜಿನ್ನಿಗೆ ನೆರವಷ್ಟೇ ಕೊಡುತ್ತದೆ) ಬ್ಯಾಟರಿಯ ಬಗೆಗಿನ ಎಚ್ಚರಿಕೆಗಳು ಅಷ್ಟಾಗಿ ಬೇಕಿಲ್ಲ, ಉಳಿದದ್ದೆಲ್ಲ ಅನ್ವಯಿಸುತ್ತದೆ.

ಹಂತ 1: ಡಿಕ್ಕಿಯಲ್ಲಿ ಏನಿದೆ ನೋಡಿ

ಹೈಬ್ರಿಡ್ ಕಾರಿನ ದೊಡ್ಡ ಬ್ಯಾಟರಿಗೆ ಎಲ್ಲಾದರೂ ಜಾಗ ಬೇಕು. ಕೆಲವು ಕಾರುಗಳಲ್ಲಿ ಅದು ಹಿಂದಿನ ಸೀಟಿನ ಕೆಳಗೆ ಕೂರುತ್ತದೆ, ಕೆಲವದರಲ್ಲಿ ಡಿಕ್ಕಿಯೊಳಗೆ. ಪೆಟ್ರೋಲ್ ಸಿಟಿಯ ಡಿಕ್ಕಿ 506 ಲೀಟರ್. ಹೈಬ್ರಿಡ್ ಸಿಟಿಯದು 306 ಲೀಟರ್. ಹೀಗೆ ಜಾಗ ಕಿರಿದಾದಾಗ ಕಾರು ತಯಾರಕರು ಮೊದಲು ಕೈಯಿಡುವುದು ಸ್ಟೆಪ್ನಿಯ ಮೇಲೆ.

ಡಿಕ್ಕಿಯಲ್ಲಿ ನಿಮಗೆ ಸಿಗಬಹುದಾದದ್ದು ಮೂರರಲ್ಲಿ ಒಂದು. ಉಳಿದ ನಾಲ್ಕರಷ್ಟೇ ದೊಡ್ಡದಾದ ಪೂರ್ಣ ಗಾತ್ರದ ಚಕ್ರ, ತೆಳ್ಳಗಿನ ತಾತ್ಕಾಲಿಕ ಚಕ್ರ, ಇಲ್ಲವೇ ಚಕ್ರವೇ ಇಲ್ಲದೆ ಒಂದು ಪಂಪು ಮತ್ತು ಅಂಟಿನ ಬಾಟಲಿ. ಮೂರನೆಯದು ಸಿಕ್ಕರೆ ಕಂಪನಿ ಮೋಸ ಮಾಡಿತೆಂದು ತಿಳಿಯಬೇಡಿ. ಟ್ಯೂಬ್‌ಲೆಸ್ ಟೈರು, ಗಾಳಿ ಒತ್ತಡದ ಮೇಲೆ ಕಣ್ಣಿಡುವ ವ್ಯವಸ್ಥೆ ಮತ್ತು ಪಂಕ್ಚರ್ ಕಿಟ್ ಇದ್ದರೆ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ ಎಂದು ಕೇಂದ್ರ ಸರ್ಕಾರ 2020ರಲ್ಲಿಯೇ ನಿಯಮ ತಿದ್ದಿದೆ.

ತೆಳ್ಳಗಿನ ಚಕ್ರವಾದರೆ ಅದರ ಮೇಲೆ ಬರೆದಿರುವುದನ್ನು ಓದಿಕೊಳ್ಳಿ. ಸಾಮಾನ್ಯವಾಗಿ ಗಂಟೆಗೆ 80 ಕಿ.ಮೀ. ಮಿತಿ, ಗಾಳಿ 60 ಪಿಎಸ್‌ಐ. ಉಳಿದ ಟೈರುಗಳಿಗೆ ಹಾಕುವ ಮೂವತ್ತು ಚಿಲ್ಲರೆಯನ್ನೇ ಇದಕ್ಕೂ ಹಾಕಿಸಿದರೆ ಬೇಕಾದ ದಿನ ಅದು ಚಪ್ಪಟೆಯಾಗಿ ಕೂರುತ್ತದೆ. ಪಂಕ್ಚರ್ ಕಿಟ್ಟಿನ ಬಾಟಲಿಗೂ ಅವಧಿ ಮುಗಿಯುವ ದಿನಾಂಕವಿದೆ. ಕಾರು ಕೊಂಡ ಮೇಲೆ ಅದನ್ನು ತಿರುಗಿಸಿ ನೋಡಿದವರು ಕಡಿಮೆ.

ಹಂತ 2: ಟೈರಿನ ಬದಿಯನ್ನು ಓದಿ

ಹೈಬ್ರಿಡ್ ಸಿಟಿಯ ಟೈರಿನ ಮೇಲೆ 185/55 ಆರ್ 16 ಎಂದಿರುತ್ತದೆ. ಅಗಲ 185 ಮಿಲಿಮೀಟರ್, ಬದಿಯ ಎತ್ತರ ಅಗಲದ ಶೇ. 55, ರಿಮ್ಮು 16 ಇಂಚು. ಇದರಿಂದ ಚಕ್ರದ ಒಟ್ಟು ವ್ಯಾಸ ಲೆಕ್ಕ ಹಾಕುವುದು ಸುಲಭ. 185ರ ಶೇ. 55 ಎಂದರೆ 101.75, ಮೇಲೆ ಕೆಳಗೆ ಎರಡು ಬದಿ ಸೇರಿ 203.5, ಹದಿನಾರು ಇಂಚಿನ 406.4 ಕೂಡಿದರೆ ಸುಮಾರು 610 ಮಿಲಿಮೀಟರ್. ಈ 610ನ್ನು ಬರೆದಿಟ್ಟುಕೊಳ್ಳಿ. ಮುಂದೆ ಅಂಗಡಿಯವರು ಯಾವ ಅಳತೆ ಹೇಳಿದರೂ ಇದೇ ಲೆಕ್ಕ ಹಾಕಿ ಇದರೊಂದಿಗೆ ಹೋಲಿಸಿ.

ಆಮೇಲೆ ಬರುವ ಅಂಕಿ ಮತ್ತು ಅಕ್ಷರ ಭಾರ ಮತ್ತು ವೇಗಕ್ಕೆ ಸಂಬಂಧಿಸಿದ್ದು. 83 ಎಂದರೆ ಒಂದು ಟೈರು ಹೊರಬಲ್ಲ ಗರಿಷ್ಠ ಭಾರ 487 ಕಿಲೋ, 87 ಎಂದರೆ 545, 94 ಎಂದರೆ 670. ಎಚ್ ಎಂದರೆ ಗಂಟೆಗೆ 210 ಕಿ.ಮೀ., ವಿ ಎಂದರೆ 240. ವೇಗದ ಅಕ್ಷರಕ್ಕೆ ನಾವು ತಲೆಕೆಡಿಸಿಕೊಳ್ಳುವುದು ಅಷ್ಟರಲ್ಲೇ ಇದೆ, ಬೆಂಗಳೂರು–ಮೈಸೂರು ಹೆದ್ದಾರಿಯಲ್ಲೇ ಮಿತಿ ನೂರು. ಆದರೂ ಕಂಪನಿ ಕೊಟ್ಟದ್ದಕ್ಕಿಂತ ಕೆಳಗಿನ ಅಕ್ಷರ ಬೇಡ. ಭಾರದ ಅಂಕಿಯಲ್ಲಂತೂ ಒಂದೂ ಕಡಿಮೆಯಾಗಬಾರದು. ಬ್ಯಾಟರಿ, ಮೋಟಾರು ಎಲ್ಲ ಸೇರಿ ಹೈಬ್ರಿಡ್ ಸಿಟಿ ತನ್ನ ಪೆಟ್ರೋಲ್ ಜೊತೆಗಾರನಿಗಿಂತ ನೂರು ಕಿಲೋಗೂ ಹೆಚ್ಚು ತೂಗುತ್ತದೆ. ಪೆಟ್ರೋಲ್ ಕಾರಿಗೆ ಸಾಕಾಗುವ ಟೈರನ್ನು ಇದಕ್ಕೂ ಸಾಕೆಂದು ಹೇಳುವ ಮಾರಾಟಗಾರರಿದ್ದಾರೆ. ಬೇಕಾದ ಅಂಕಿ ಮತ್ತು ಗಾಳಿಯ ಒತ್ತಡ ಚಾಲಕನ ಬಾಗಿಲು ತೆರೆದಾಗ ಕಂಬದ ಮೇಲೆ ಅಂಟಿಸಿರುವ ಚೀಟಿಯಲ್ಲಿ ಇಲ್ಲವೇ ಕೈಪಿಡಿಯಲ್ಲಿ ಸಿಗುತ್ತದೆ; ಚರ್ಚೆ ಅಲ್ಲಿಗೇ ಮುಗಿಯಲಿ.

ಟೈರಿನ ಮೇಲೆ ನಾಲ್ಕು ಅಂಕಿಗಳ ಒಂದು ಪುಟ್ಟ ಚೌಕಟ್ಟಿರುತ್ತದೆ. 2325 ಎಂದರೆ 2025ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಐಎಸ್‌ಐ ಗುರುತೂ ಇರಬೇಕು. ಹಳೆಯ ದಾಸ್ತಾನನ್ನು ರಿಯಾಯಿತಿಯ ಹೆಸರಿನಲ್ಲಿ ದಾಟಿಸುವುದು ಈ ವ್ಯಾಪಾರದಲ್ಲಿ ಹೊಸದೇನಲ್ಲ. ಆರು ತಿಂಗಳೊಳಗಿನದು ಸಿಕ್ಕರೆ ಒಳ್ಳೆಯದು, ಒಂದು ವರ್ಷ ದಾಟಿದ್ದರೆ ಬೇರೆ ಕೊಡಿ ಎನ್ನಿ. ನಾಲ್ಕೂ ಟೈರುಗಳ ಅಂಕಿ ನೋಡಿ; ಮೂರು ಹೊಸದರ ಜೊತೆ ಒಂದು ಹಳೆಯದು ಸೇರಿಕೊಳ್ಳುವ ಕೈಚಳಕ ಉಂಟು.

ಹಂತ 3: ದಪ್ಪ ಟೈರಿನ ಆಸೆ

ಗುಂಡಿ, ಹಂಪುಗಳ ನಮ್ಮ ರಸ್ತೆಯಲ್ಲಿ ಸೆಡಾನಿನ ಹೊಟ್ಟೆ ನೆಲಕ್ಕೆ ತಾಗುತ್ತದೆ ಎಂಬುದು ನಿಜವಾದ ದೂರು. ಅದಕ್ಕೆಂದು 195/55 ಆರ್ 16 ಹಾಕಿಸಿಕೊಳ್ಳಿ ಎಂಬ ಸಲಹೆ ಬರುತ್ತದೆ. ಲೆಕ್ಕ ಹಾಕಿದರೆ ವ್ಯಾಸ 621. ಹೆಚ್ಚಳ 11 ಮಿಲಿಮೀಟರ್, ಆದರೆ ಕಾರು ಮೇಲೇರುವುದು ಅದರ ಅರ್ಧ, ಅಂದರೆ ಐದೂವರೆ ಮಿಲಿಮೀಟರ್ ಮಾತ್ರ. ಅಷ್ಟಕ್ಕಾಗಿ ಚಕ್ರದ ಸುತ್ತಳತೆ ಶೇ. 1.8ರಷ್ಟು ಬದಲಾಗುತ್ತದೆ, ಟೈರು ಭಾರವಾಗುತ್ತದೆ, ಮೈಲೇಜ್ ಕುಸಿಯುತ್ತದೆ. 205/50 ಆರ್ 16 ಆದರೆ ವ್ಯಾಸ 611, ಹೆಚ್ಚುಕಡಿಮೆ ಅಷ್ಟೇ. ಆದರೆ ಅಗಲ 20 ಮಿಲಿಮೀಟರ್ ಹೆಚ್ಚು. ಹೈಬ್ರಿಡ್ ಕೊಂಡ ಉದ್ದೇಶಕ್ಕೇ ಅದು ವಿರುದ್ಧ.

ಸ್ಟೆಪ್ನಿಯ ಪ್ರಶ್ನೆ ಇಲ್ಲಿಗೆ ಬಂದು ಸೇರುತ್ತದೆ. ನಾಲ್ಕು ಚಕ್ರಗಳನ್ನು ದೊಡ್ಡದು ಮಾಡಿ ಐದನೆಯದನ್ನು ಹಾಗೆಯೇ ಬಿಟ್ಟರೆ, ಪಂಕ್ಚರ್ ಆದ ದಿನ ಒಂದೇ ಅಚ್ಚಿನ ಮೇಲೆ ಎರಡು ವ್ಯಾಸದ ಚಕ್ರಗಳಾಗುತ್ತವೆ. ಮಾಮೂಲಿ ಕಾರಿಗೂ ಅದು ಒಳ್ಳೆಯದಲ್ಲ. ಹೈಬ್ರಿಡ್‌ನಲ್ಲಿ ಇನ್ನೂ ಕಿರಿಕಿರಿ. ಬ್ರೇಕ್ ತುಳಿದಾಗ ಮೋಟಾರು ಎಷ್ಟು ವಿದ್ಯುತ್ ಮರಳಿ ತುಂಬಬೇಕು, ಯಾಂತ್ರಿಕ ಬ್ರೇಕು ಎಷ್ಟು ಹಿಡಿಯಬೇಕು ಎಂಬುದನ್ನು ನಿರ್ಧರಿಸುವ ಕಂಪ್ಯೂಟರ್ ಪ್ರತಿ ಚಕ್ರದ ವೇಗವನ್ನೂ ಗಮನಿಸುತ್ತಿರುತ್ತದೆ. ಒಂದು ಚಕ್ರ ಸದಾ ಬೇಗ ತಿರುಗುತ್ತಿದ್ದರೆ ಅದು ಜಾರುತ್ತಿದೆ ಎಂದೋ ಗಾಳಿ ಇಳಿದಿದೆ ಎಂದೋ ಭಾವಿಸಿ ಎಚ್ಚರಿಕೆಯ ದೀಪ ಹೊತ್ತಿಸಬಹುದು.

ಆದ್ದರಿಂದ ನನ್ನ ಸಲಹೆ ನೇರವಾದದ್ದು: ಕಂಪನಿಯ ಅಳತೆಯಲ್ಲೇ ಇರಿ. ಬದಲಿಸಲೇಬೇಕೆಂಬ ಹಟವಿದ್ದರೆ ಐದನ್ನೂ ಒಟ್ಟಿಗೆ ಬದಲಿಸಿ, ವಿಮೆ ಕಂಪನಿಗೂ ಬರೆದು ತಿಳಿಸಿ.

ಹಂತ 4: ಮೈಲೇಜ್ ಮತ್ತು ಮಳೆ

ಹೈಬ್ರಿಡ್ ಮಾಲೀಕರಿಗೆ ಒಂದು ಚಾಳಿ ಇದೆ. ಪರದೆಯ ಮೇಲಿನ ಮೈಲೇಜ್ ಅಂಕಿಯನ್ನು ಮಕ್ಕಳ ಅಂಕಪಟ್ಟಿಯಂತೆ ನೋಡುತ್ತಾರೆ. ಸಿಟಿ ಹೈಬ್ರಿಡ್ ಬಂದಾಗ ಲೀಟರಿಗೆ 26.5 ಕಿ.ಮೀ. ಎಂಬ ಪ್ರಮಾಣಿತ ಅಂಕಿ ಘೋಷಣೆಯಾಗಿತ್ತು. ಅದಕ್ಕೆ ಒಂದು ಕಿಲೋಮೀಟರ್ ಕಡಿಮೆಯಾದರೂ ಮನಸ್ಸಿಗೆ ಕಸಿವಿಸಿ. ಹೀಗಾಗಿ ಟೈರ್ ಕೊಳ್ಳುವಾಗ ಉರುಳುವಾಗ ಕಡಿಮೆ ಎಳೆತ ಇರುವುದೇ ಬೇಕು ಎಂದು ಹಟ ಹಿಡಿಯುತ್ತಾರೆ.

ಆ ಹಟದ ಬೆಲೆ ಎಷ್ಟು ಎಂದು ಲೆಕ್ಕ ಹಾಕೋಣ. ಟೈರಿನ ಎಳೆತ ಶೇ. 10ರಷ್ಟು ಹೆಚ್ಚಾದರೆ ಇಂಧನ ಖರ್ಚು ಶೇ. 1ರಿಂದ 2ರಷ್ಟು ಹೆಚ್ಚುತ್ತದೆ ಎಂಬುದು ಈ ಕ್ಷೇತ್ರದ ಸಾಮಾನ್ಯ ಅಂದಾಜು. ವರ್ಷಕ್ಕೆ 12,000 ಕಿ.ಮೀ., ಲೀಟರಿಗೆ 20 ಕಿ.ಮೀ. ಎಂದರೆ 600 ಲೀಟರ್ ಪೆಟ್ರೋಲ್. ಅದರ ಶೇ. 2 ಎಂದರೆ 12 ಲೀಟರ್. ಲೀಟರಿಗೆ ನೂರು ರೂಪಾಯಿ ಹಿಡಿದರೆ ವರ್ಷಕ್ಕೆ 1,200 ರೂಪಾಯಿ. ಇದು ತೀರಾ ಕಡೆಗಣಿಸುವ ಮೊತ್ತವಲ್ಲ, ಸರಿ. ಆದರೆ ಒದ್ದೆ ರಸ್ತೆಯಲ್ಲಿ ಒಳ್ಳೆಯ ಹಿಡಿತದ ಟೈರು ಮತ್ತು ಕಳಪೆ ಹಿಡಿತದ ಟೈರಿನ ನಡುವೆ, 80 ಕಿ.ಮೀ. ವೇಗದಿಂದ ಪೂರ್ತಿ ನಿಲ್ಲುವಾಗ, ಹತ್ತು ಮೀಟರಿಗೂ ಹೆಚ್ಚು ವ್ಯತ್ಯಾಸ ಬರಬಹುದು. ಅದು ಎರಡು ಕಾರುಗಳ ಉದ್ದ.

ಕರಾವಳಿಯಲ್ಲೋ ಮಲೆನಾಡಿನಲ್ಲೋ ಇರುವವರು, ಚಾರ್ಮಾಡಿ, ಆಗುಂಬೆಗಳ ಮೂಲಕ ಓಡಾಡುವವರು ಮಳೆಯ ಹಿಡಿತಕ್ಕೇ ಮೊದಲ ಸ್ಥಾನ ಕೊಡಬೇಕು. ಕಲಬುರಗಿ, ರಾಯಚೂರಿನ ಬಿಸಿಲಿನಲ್ಲಿ ಓಡಿಸುವವರಿಗೆ ಮಳೆ ಅಷ್ಟು ಕಾಡದು. ಅಲ್ಲಿ ಟೈರಿನ ಬಾಳಿಕೆ ಮತ್ತು ಕಡಿಮೆ ಎಳೆತವನ್ನು ಮುಂದಿಟ್ಟುಕೊಂಡರೆ ತಪ್ಪಿಲ್ಲ. ಬೆಂಗಳೂರಿನವರ ಸಂಕಟ ಬೇರೆಯೇ. ಅಲ್ಲಿ ಬದಿಯ ಗೋಡೆ ಗಟ್ಟಿ ಇರುವ ಟೈರು ಬೇಕು, ಏಕೆಂದರೆ ಮೊಳೆಗಿಂತ ಹೆಚ್ಚಾಗಿ ಟೈರನ್ನು ಕೊಲ್ಲುವುದು ನೀರು ತುಂಬಿದ ಗುಂಡಿಯ ಅಂಚು.

ಇವನ್ನು ತಿಳಿಯುವುದು ಹೇಗೆ? ಭಾರತದಲ್ಲಿ ಎಳೆತ, ಒದ್ದೆ ಹಿಡಿತ ಮತ್ತು ಸದ್ದಿಗೆ ಕನಿಷ್ಠ ಮಟ್ಟ ನಿಗದಿ ಮಾಡುವ ಎಐಎಸ್ 142 ಮಾನದಂಡವನ್ನು 2022ರಿಂದ ಹಂತ ಹಂತವಾಗಿ ಜಾರಿಗೆ ತಂದಿದ್ದಾರೆ. ಆದರೆ ಅದು ಪಾಸಾಗುವ ಅಂಕ ಮಾತ್ರ, ಯಾರು ಮೊದಲ ದರ್ಜೆ ಎಂದು ಹೇಳುವುದಿಲ್ಲ. ಫ್ರಿಜ್ಜು, ಏಸಿಗಳ ಮೇಲೆ ಇರುವಂಥ, ಕೇಂದ್ರದ ಇಂಧನ ದಕ್ಷತಾ ಸಂಸ್ಥೆ ಬಿಇಇಯ ನಕ್ಷತ್ರ ಚೀಟಿ ಕೆಲವು ಟೈರುಗಳಿಗೂ ಬಂದಿದೆ, ಇದ್ದರೆ ನೋಡಿ. ಆದರೆ ಆ ನಕ್ಷತ್ರಗಳು ಇಂಧನ ಉಳಿತಾಯದವು. ಅವನ್ನು ಮಳೆಯ ಹಿಡಿತದ ಅಂಕವೆಂದು ಓದಬೇಡಿ. ಯುರೋಪಿನಲ್ಲೂ ಮಾರಾಟವಾಗುವ ಟೈರಾದರೆ ಅಲ್ಲಿನ ಚೀಟಿಯಲ್ಲಿ ಇಂಧನಕ್ಕೂ ಒದ್ದೆ ಹಿಡಿತಕ್ಕೂ ಬೇರೆ ಬೇರೆಯಾಗಿ ಎ ಇಂದ ಇ ವರೆಗೆ ದರ್ಜೆ ಕೊಟ್ಟಿರುತ್ತಾರೆ, ಸದ್ದಿನ ಡೆಸಿಬಲ್ ಅಂಕಿಯೂ ಇರುತ್ತದೆ. ಅದೇ ಅಳತೆಯ ಚೀಟಿಯನ್ನೇ ನೋಡಬೇಕು. ಒಂದೇ ಹೆಸರಿನ ಟೈರಿಗೂ ಅಳತೆ ಬದಲಾದರೆ ದರ್ಜೆ ಬದಲಾಗುತ್ತದೆ.

ಸದ್ದನ್ನು ಹೈಬ್ರಿಡ್‌ನವರು ಹಗುರವಾಗಿ ತೆಗೆದುಕೊಳ್ಳಬಾರದು. ಎಂಜಿನ್ ಸುಮ್ಮನಾಗಿ ಮೋಟಾರಿನಲ್ಲೇ ಕಾರು ಸಾಗುವಾಗ ಒಳಗೆ ಕೇಳಿಸುವುದು ಟೈರಿನ ಗುಂಯ್‌ಗುಡುವಿಕೆ ಒಂದೇ. ಮೈಲೇಜ್‌ಗಾಗಿ ಗಡಸು ರಬ್ಬರ್ ಆರಿಸಿಕೊಂಡವರಿಗೆ ಕಾಂಕ್ರೀಟ್ ರಸ್ತೆಯಲ್ಲಿ ಇದರ ಅರ್ಥ ತಿಳಿಯುತ್ತದೆ.

ಬ್ರಿಜ್‌ಸ್ಟೋನ್ ಇಕೋಪಿಯಾ ಎಳೆತ ಕಡಿಮೆ ಮಾಡುವ ಉದ್ದೇಶದಿಂದಲೇ ರೂಪಿಸಿದ ಸರಣಿ; ಮಿಷೆಲಿನ್ ಎನರ್ಜಿ ಎಕ್ಸ್ಎಂ2 ಪ್ಲಸ್ ಬಾಳಿಕೆ ಮತ್ತು ಒದ್ದೆ ಬ್ರೇಕಿಂಗ್ ಎರಡನ್ನೂ ಹೇಳಿಕೊಂಡು ಮಾರಾಟವಾಗುತ್ತದೆ; ಅಪೊಲೊ, ಸಿಯೆಟ್, ಎಂಆರ್‌ಎಫ್, ಯೊಕೊಹಾಮಾ, ಗುಡ್‌ಇಯರ್ ಎಲ್ಲರಲ್ಲೂ ಸೆಡಾನ್ ಸರಣಿಗಳಿವೆ. ನಿಮ್ಮ ಅಳತೆಯಲ್ಲಿ ಯಾವುದು ಸಿಗುತ್ತದೆ ಎಂಬುದೇ ಅರ್ಧ ಆಯ್ಕೆಯನ್ನು ಮುಗಿಸಿಬಿಡುತ್ತದೆ.

ಹಂತ 5: ಎರಡೋ ನಾಲ್ಕೋ

ಹೈಬ್ರಿಡ್ ಸಿಟಿ, ಕ್ಯಾಮ್ರಿ ಎರಡೂ ಮುಂದಿನ ಚಕ್ರಗಳಿಂದ ಚಲಿಸುವ ಕಾರುಗಳು. ಮೋಟಾರಿನ ಸೆಳೆತ ಸೊನ್ನೆ ವೇಗದಿಂದಲೇ ಜೋರು, ಮೇಲಾಗಿ ವಿದ್ಯುತ್ ಮರಳಿ ತುಂಬುವ ಬ್ರೇಕಿಂಗ್ ಕೂಡ ಮುಂದಿನ ಚಕ್ರಗಳ ಮೂಲಕವೇ ನಡೆಯುತ್ತದೆ. ಎಳೆಯುವ ಕೆಲಸ, ತಡೆಯುವ ಕೆಲಸ, ತಿರುಗುವ ಕೆಲಸ ಮೂರೂ ಆ ಎರಡಕ್ಕೇ. ಆದ್ದರಿಂದ ಎಂಟು-ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಹಿಂದು ಮುಂದು ಬದಲಿಸದಿದ್ದರೆ ಮುಂದಿನವು ಬೇಗ ಬೋಳಾಗುತ್ತವೆ.

ಟ್ರೆಡ್ಡಿನ, ಅಂದರೆ ನೆಲಕ್ಕೆ ತಾಗುವ ರಬ್ಬರಿನ, ಸಾಲುಗಳ ನಡುವೆ ಅಲ್ಲಲ್ಲಿ ಚಿಕ್ಕ ಉಬ್ಬುಗಳಿರುತ್ತವೆ, ಎತ್ತರ 1.6 ಮಿಲಿಮೀಟರ್. ರಬ್ಬರ್ ಸವೆದು ಅದಕ್ಕೆ ಸಮವಾದರೆ ಕಾನೂನಿನ ಪ್ರಕಾರವೂ ಟೈರಿನ ಆಯುಷ್ಯ ಮುಗಿಯಿತು. ಮಳೆ ನಾಡಿನಲ್ಲಿ ಅಲ್ಲಿಯವರೆಗೆ ಕಾಯಬೇಡಿ, ಮೂರು ಮಿಲಿಮೀಟರಿಗೇ ಬದಲಿಸಿ.

ಎರಡನ್ನೇ ಕೊಳ್ಳುವುದಾದರೆ ಹೊಸದು ಹಿಂದಕ್ಕೆ. ಅಂಗಡಿಯಲ್ಲಿ ಇದಕ್ಕೆ ವಿರೋಧ ಬರುತ್ತದೆ. ಎಳೆಯುವ ಚಕ್ರಕ್ಕೆ ಹೊಸದಿರಲಿ ಎನ್ನುತ್ತಾರೆ. ನೀರಿನ ಮೇಲೆ ಮುಂದಿನ ಚಕ್ರ ಹಿಡಿತ ಬಿಟ್ಟರೆ ಕಾರು ನೇರ ಹೋಗುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಸಾವರಿಸಿಕೊಳ್ಳಬಹುದು. ಹಿಂದಿನದು ಬಿಟ್ಟರೆ ಕಾರು ಗಿರಕಿ ಹೊಡೆಯುತ್ತದೆ, ಸಾಮಾನ್ಯ ಚಾಲಕನಿಗೆ ಅದನ್ನು ತಡೆಯಲು ಆಗುವುದಿಲ್ಲ. ಹಟ ಮಾಡಿ ಹಿಂದಕ್ಕೇ ಹಾಕಿಸಿ.

ಹಂತ 6: ರಿಮ್ಮು ಬದಲಿಸುವುದಾದರೆ

ಗುಂಡಿಗೆ ಬಿದ್ದು ರಿಮ್ಮು ಸೊಟ್ಟಗಾದರೆ ಅದೇ ಮಾದರಿಯ ಅಸಲಿ ರಿಮ್ಮು ತರಿಸುವುದು ದುಬಾರಿಯಾದರೂ ನೆಮ್ಮದಿ. ಬೇರೆಯದು ಕೊಳ್ಳುವವರು ಐದು ವಿಷಯ ಹೊಂದಿಸಿಕೊಳ್ಳಬೇಕು: ಬೋಲ್ಟುಗಳ ಸಂಖ್ಯೆ ಮತ್ತು ಅವು ಕೂರುವ ವೃತ್ತದ ವ್ಯಾಸ, ನಡುವಿನ ರಂಧ್ರ, ಅಗಲ, ಆಫ್‌ಸೆಟ್ (ರಿಮ್ಮಿನ ಅಗಲದ ನಡುಗೆರೆಯಿಂದ ಅದು ಕಾರಿಗೆ ಕೂರುವ ಮುಖಕ್ಕಿರುವ ದೂರ), ಹೊರಬಲ್ಲ ಭಾರ. ಸಿಟಿಗೆ ನಾಲ್ಕು ಬೋಲ್ಟು, 100 ಮಿಲಿಮೀಟರ್ ವೃತ್ತ, ನಡುವಿನ ರಂಧ್ರ 56.1. ಕ್ಯಾಮ್ರಿಗೆ ಐದು ಬೋಲ್ಟು, 114.3 ವೃತ್ತ, ರಂಧ್ರ 60.1. ರಂಧ್ರ ದೊಡ್ಡದಿದ್ದರೆ ನಡುವೆ ಉಂಗುರ ಹಾಕಬೇಕು, ಇಲ್ಲದಿದ್ದರೆ ಎಷ್ಟು ಬ್ಯಾಲೆನ್ಸಿಂಗ್ ಮಾಡಿಸಿದರೂ ಸ್ಟೀರಿಂಗ್ ನಡುಗುತ್ತಲೇ ಇರುತ್ತದೆ. ಆಫ್‌ಸೆಟ್ ಅಂಕಿ ಹಳೆಯ ರಿಮ್ಮಿನ ಹಿಂಬದಿಯಲ್ಲಿ ಅಚ್ಚಾಗಿರುತ್ತದೆ; ಚಕ್ರ ಒಂದನ್ನು ಬಿಚ್ಚಿಸಿ ಫೋಟೊ ತೆಗೆದುಕೊಳ್ಳಿ.

ಬಹುತೇಕರು ಎಡವುವುದು ನಟ್ಟಿನಲ್ಲಿ. ಹೋಂಡಾದ ಅಸಲಿ ರಿಮ್ಮಿಗೆ ಗುಂಡಗಿನ ತಳದ ನಟ್ಟು ಬರುತ್ತದೆ. ಹೊರಗಿನ ಅಲಾಯ್‌ಗಳಲ್ಲಿ ಹೆಚ್ಚಿನವಕ್ಕೆ ಬೇಕಾದದ್ದು ಶಂಕುವಿನಾಕಾರದ ತಳ. ತಿರುಪಿನ ಎಳೆ ಒಂದೇ ಆದ್ದರಿಂದ ಯಾವುದಾದರೂ ಬಿಗಿಯಾಗುತ್ತದೆ, ಬಿಗಿಯಾದಂತೆ ಕಾಣುತ್ತದೆ ಕೂಡ. ಆದರೆ ತಳ ಪೂರ್ತಿ ಕೂರದೆ ಓಡುತ್ತ ಓಡುತ್ತ ಸಡಿಲವಾಗುತ್ತದೆ. ರಿಮ್ಮಿನ ಜೊತೆ ಅದಕ್ಕೊಪ್ಪುವ ನಟ್ಟನ್ನೂ ಕೊಳ್ಳಿ, ಮತ್ತು ಸ್ಟೆಪ್ನಿಗೆ ಹಳೆಯ ನಟ್ಟೇ ಬೇಕಾದರೆ ಅವನ್ನು ಎಸೆಯದೆ ಡಿಕ್ಕಿಯಲ್ಲಿಡಿ.

ಹದಿನಾರರಿಂದ ಹದಿನೇಳಕ್ಕೆ ಹೋಗುವ ಬಗ್ಗೆ ಹೇಳುವುದು ಹೆಚ್ಚಿಲ್ಲ. ಬದಿಯ ಗೋಡೆ ಕಿರಿದಾಗಿ ಗುಂಡಿಯ ಪೆಟ್ಟು ನೇರ ರಿಮ್ಮಿಗೆ ಬೀಳುತ್ತದೆ, ಭಾರ ಹೆಚ್ಚುತ್ತದೆ. ನೋಡಲು ಚೆಂದ, ಒಪ್ಪುತ್ತೇನೆ.

ಹಂತ 7: ಸ್ಟೆಪ್ನಿ ಇಲ್ಲದವರು ಏನು ಮಾಡಬೇಕು

ಪಂಕ್ಚರ್ ಕಿಟ್ಟಿನ ಅಂಟು ಟ್ರೆಡ್ಡಿನಲ್ಲಿ ಆದ ಸಣ್ಣ ತೂತಿಗೆ, ಸುಮಾರು ನಾಲ್ಕರಿಂದ ಆರು ಮಿಲಿಮೀಟರಿನವರೆಗೆ ಮಾತ್ರ. ಬದಿ ಹರಿದರೆ ಅದರಿಂದ ಪ್ರಯೋಜನವಿಲ್ಲ. ನಗರದೊಳಗೇ ಓಡಾಡುವವರು ಕಿಟ್ಟು ಮತ್ತು ಗಾಡಿ ಹೊರುವ ಸೇವೆಯ ನಂಬರಿನಲ್ಲಿ ಕಾಲ ಹಾಕಬಹುದು. ರಾತ್ರಿ ಊರಿಗೆ ಹೋಗುವ ಅಭ್ಯಾಸವಿದ್ದರೆ ಒಂದು ಚಕ್ರ ಕೊಳ್ಳುವುದೇ ಸರಿ.

ಅಗ್ಗದ ದಾರಿಯೆಂದರೆ ಕಬ್ಬಿಣದ ರಿಮ್ಮು. ಅದೇ ಪೀಳಿಗೆಯ ಪೆಟ್ರೋಲ್ ಸಿಟಿಯ 15 ಇಂಚಿನ ಚಕ್ರ, 185/60 ಆರ್ 15, ಲೆಕ್ಕ ಹಾಕಿದರೆ ವ್ಯಾಸ 603 ಬರುತ್ತದೆ. ನಮ್ಮ 610ಕ್ಕಿಂತ ಶೇ. 1ರಷ್ಟೇ ಕಡಿಮೆ, ತಾತ್ಕಾಲಿಕ ಬಳಕೆಗೆ ನಡೆಯುತ್ತದೆ. ಆದರೆ ಒಂದು ಕೊಕ್ಕೆ ಇದೆ. ಪೆಟ್ರೋಲ್ ಸಿಟಿಗೆ ಹಿಂದೆ ಡ್ರಮ್ ಬ್ರೇಕು, ಹೈಬ್ರಿಡ್‌ಗೆ ನಾಲ್ಕೂ ಕಡೆ ಡಿಸ್ಕ್. ಚಿಕ್ಕ ರಿಮ್ಮಿನ ಒಳಬದಿ ಡಿಸ್ಕನ್ನು ಹಿಡಿಯುವ ಕ್ಯಾಲಿಪರಿಗೆ ತಾಗಬಹುದು. ಹಣ ಕೊಡುವ ಮೊದಲು ಮುಂದೆ ಒಮ್ಮೆ, ಹಿಂದೆ ಒಮ್ಮೆ ತೊಡಿಸಿ, ಕೈಯಿಂದ ಪೂರ್ತಿ ಸುತ್ತು ತಿರುಗಿಸಿ ನೋಡಿ. ತಾಗಿದರೆ 16 ಇಂಚಿನದನ್ನೇ ಹುಡುಕಬೇಕು. ಆಗ ಒಂದು ಉಪಾಯವಿದೆ: ನಾಲ್ಕು ಟೈರು ಬದಲಿಸುವಾಗ ಹಳೆಯವುಗಳಲ್ಲಿ ಚೆನ್ನಾಗಿರುವ ಒಂದನ್ನು ಅಂಗಡಿಗೆ ಬಿಡದೆ ಉಳಿಸಿಕೊಂಡು ಈ ಐದನೆಯ ರಿಮ್ಮಿಗೆ ಹಾಕಿಸಿ. ಅದರ ತಯಾರಿ ವಾರ ನೋಡುವುದನ್ನು ಮರೆಯಬೇಡಿ. ಆರು ವರ್ಷ ದಾಟಿದ ರಬ್ಬರನ್ನು, ಓಡದೇ ಇದ್ದರೂ, ತಿಳಿದವರಿಗೆ ತೋರಿಸದೆ ನಂಬಬಾರದು.

ಡಿಕ್ಕಿಯಲ್ಲಿ ಚಕ್ರವನ್ನು ಬೆಲ್ಟಿನಿಂದ ಬಿಗಿದು ಕಟ್ಟಿ. ಜೋರಾಗಿ ಬ್ರೇಕ್ ಹಾಕಿದಾಗ ಹದಿನೈದು ಕಿಲೋ ತೂಕ ಮುಂದಕ್ಕೆ ಹಾರಬಾರದು. ಬ್ಯಾಟರಿ ತಂಪಾಗಲು ಗಾಳಿ ಎಳೆದುಕೊಳ್ಳುವ ಜಾಲರಿ ಕೆಲವು ಕಾರುಗಳಲ್ಲಿ ಹಿಂದಿನ ಸೀಟಿನ ಪಕ್ಕದಲ್ಲಿರುತ್ತದೆ. ಚಕ್ರವನ್ನೋ ಚೀಲವನ್ನೋ ಅದಕ್ಕೆ ಒತ್ತಿ ಇಡಬೇಡಿ. ಕೈಪಿಡಿಯಲ್ಲಿ ಅದರ ಜಾಗ ಗುರುತಿಸಿರುತ್ತಾರೆ.

ದಾರಿಯಲ್ಲಿ ಮುಂದಿನ ಟೈರು ಹೋದರೆ ತೆಳ್ಳಗಿನ ಅಥವಾ ಚಿಕ್ಕ ಸ್ಟೆಪ್ನಿಯನ್ನು ಮುಂದಕ್ಕೆ ಹಾಕಬೇಡಿ. ಹಿಂದಿನ ಒಂದು ಒಳ್ಳೆಯ ಚಕ್ರ ಮುಂದಕ್ಕೆ ಬರಲಿ, ಸ್ಟೆಪ್ನಿ ಹಿಂದಕ್ಕೆ ಹೋಗಲಿ. ಎರಡು ಬಾರಿ ಜಾಕ್ ಏರಿಸುವ ಶ್ರಮ, ಆದರೆ ಎಳೆಯುವ ಚಕ್ರಗಳ ವ್ಯಾಸ ಒಂದೇ ಆಗಿರುತ್ತದೆ. ಗಾಡಿಯನ್ನು ಎಳೆಸಿಕೊಂಡು ಹೋಗಬೇಕಾಗಿ ಬಂದರೆ ಮುಂದಿನ ಚಕ್ರಗಳು ನೆಲಕ್ಕೆ ತಾಗದಂತೆ ನೋಡಿಕೊಳ್ಳಿ. ಇಡೀ ಕಾರನ್ನು ಹೊರುವ ಚಪ್ಪಟೆ ಹಾಸಿನ ಲಾರಿಯ ಮೇಲೇರಿಸುವುದೇ ಉತ್ತಮ. ಮುಂದಿನ ಚಕ್ರ ಉರುಳಿದರೆ ಒಳಗಿನ ಮೋಟಾರೂ ತಿರುಗಿ ಹಾನಿಯಾಗಬಹುದು.

ಹಂತ 8: ಅಂಗಡಿಯಲ್ಲಿ ನಿಂತು ನೋಡಬೇಕಾದದ್ದು

ಮೊದಲು ಕಾರನ್ನು ಪೂರ್ತಿ ಆಫ್ ಮಾಡಿ, ಕೀಲಿ ಜೇಬಿನಲ್ಲಿಟ್ಟುಕೊಂಡು ದೂರ ನಿಲ್ಲಿ. ಎಂಜಿನ್ ಸದ್ದಿಲ್ಲ ಎಂದರೆ ಕಾರು ಆಫ್ ಆಗಿದೆ ಎಂದಲ್ಲ. ರೆಡಿ ದೀಪ ಉರಿಯುತ್ತಿದ್ದರೆ ಅದು ಯಾವ ಕ್ಷಣದಲ್ಲೂ ಚಲಿಸಬಲ್ಲದು. ಅಂಗಡಿಯ ಹುಡುಗರಿಗೆ ಇದು ಹೈಬ್ರಿಡ್ ಎಂದು ಬಾಯಿಬಿಟ್ಟು ಹೇಳಿ, ಜಾಕನ್ನು ಕಂಪನಿ ಗುರುತಿಸಿದ ಜಾಗಕ್ಕೇ ಕೊಡಲಿ. ಕೆಳಗೆ ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಅದು ಅಧಿಕ ವೋಲ್ಟೇಜಿನದು, ಯಾರೂ ಮುಟ್ಟಬಾರದು.

ಹೊಸ ವಾಲ್ವ್, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಮೂರೂ ಬೇಕು. ಅಲೈನ್‌ಮೆಂಟಿನ ಮುದ್ರಿತ ಚೀಟಿ ಕೇಳಿ ಪಡೆಯಿರಿ. ಸಾರಜನಕಕ್ಕೆ ಹಣ ಕೊಡುವುದು ನಿಮಗೆ ಬಿಟ್ಟದ್ದು. ಬಿಟ್ಟಿ ಸಿಗುವ ಗಾಳಿಯಲ್ಲೇ ಶೇ. 78 ಸಾರಜನಕ ಇದೆ. ನಟ್ಟನ್ನು ಗಾಳಿ ಗನ್ನಿನಿಂದ ಕೊನೆಯವರೆಗೆ ಬಿಗಿಯಲು ಬಿಡಬೇಡಿ. ಕೊನೆಯ ಬಿಗಿತ ಟಾರ್ಕ್ ರೆಂಚಿನಲ್ಲಿ: ಹೋಂಡಾಗೆ 108 ನ್ಯೂಟನ್ ಮೀಟರ್, ಟೊಯೊಟಾಗೆ 103. ಬಿಲ್ಲಿನಲ್ಲಿ ಜಿಎಸ್‌ಟಿ ನೋಡಿಕೊಳ್ಳಿ. 2025ರ ಸೆಪ್ಟೆಂಬರಿನಿಂದ ಟೈರಿನ ಮೇಲೆ ಶೇ. 28ರ ಬದಲು ಶೇ. 18 ಆಗಿದೆ.

ಗಾಳಿ ಇಳಿದರೆ ಎಚ್ಚರಿಸುವ ವ್ಯವಸ್ಥೆ ಎರಡು ಬಗೆ. ಸಿಟಿಯದು ಚಕ್ರಗಳ ವೇಗ ಹೋಲಿಸಿ ಊಹಿಸುವಂಥದ್ದು, ಹೊಸ ಟೈರು ಹಾಕಿಸಿ ಗಾಳಿ ಸರಿಪಡಿಸಿದ ಮೇಲೆ ಅದನ್ನು ಮತ್ತೆ ಹೊಂದಿಸಬೇಕು; ಇಲ್ಲದಿದ್ದರೆ ಹಳೆಯ ಟೈರುಗಳ ಲೆಕ್ಕವನ್ನೇ ಇಟ್ಟುಕೊಂಡಿರುತ್ತದೆ. ಚಕ್ರದೊಳಗೇ ಸೆನ್ಸಾರ್ ಇರುವ ಕಾರಾದರೆ ಟೈರು ಬಿಚ್ಚುವವನಿಗೆ ಮೊದಲೇ ತಿಳಿಸಿ, ಲಿವರ್ ಹಾಕಿ ಮುರಿದುಬಿಡುತ್ತಾರೆ.

ಮನೆಗೆ ಬಂದ ಮೇಲೆ ಮೈಲೇಜ್ ಇಳಿದಂತೆ ಕಂಡರೆ ಗಾಬರಿಯಾಗಬೇಡಿ. ಸವೆದ ಟೈರಿಗಿಂತ ಹೊಸ ಟೈರಿನ ಎಳೆತ, ಅದೇ ಮಾದರಿಯಾದರೂ, ಸ್ವಲ್ಪ ಹೆಚ್ಚೇ. ಜೊತೆಗೆ ಮೀಟರಿನ ಆಟವೂ ಇದೆ. ಎಂಟು ಮಿಲಿಮೀಟರಿನ ಟ್ರೆಡ್ಡು 1.6ಕ್ಕೆ ಸವೆಯುವ ಹೊತ್ತಿಗೆ ಚಕ್ರದ ವ್ಯಾಸ ಸುಮಾರು 13 ಮಿಲಿಮೀಟರ್ ತಗ್ಗಿರುತ್ತದೆ, ಅಂದರೆ ಶೇ. 2. ಚಿಕ್ಕ ಚಕ್ರ ಹೆಚ್ಚು ಸುತ್ತು ತಿರುಗುವುದರಿಂದ ಮೀಟರು ನಿಜಕ್ಕಿಂತ ಹೆಚ್ಚು ಕಿಲೋಮೀಟರ್ ತೋರಿಸುತ್ತಿತ್ತು. ಹೊಸ ಟೈರು ಬಂದಾಗ ಆ ಉಬ್ಬಿದ ಅಂಕಿ ಇಳಿಯುತ್ತದೆ. ಒಂದೆರಡು ಸಾವಿರ ಕಿಲೋಮೀಟರ್ ಓಡಿದ ಮೇಲೆ ತೀರ್ಮಾನಿಸಿ. ನೂರು ಕಿಲೋಮೀಟರ್ ಆದೊಡನೆ ನಟ್ಟುಗಳ ಬಿಗಿತವನ್ನು ಮತ್ತೊಮ್ಮೆ ಪರೀಕ್ಷಿಸಿ, ತಿಂಗಳಿಗೊಮ್ಮೆ ಬೆಳಿಗ್ಗೆ ಕಾರು ಓಡಿಸುವ ಮೊದಲು ಗಾಳಿ ನೋಡಿ, ಐದೂ ಚಕ್ರಗಳದ್ದು.